ಮುಚ್ಚಿದ ಎರಡು ಬಟ್ಟಲು

ಬುಧವಾರ, ೧೨ ನವೆಂಬರ್ ೨೦೦೩

ಮತ್ತೆ, ಅದು ಕೈ ಬೀಸಿತು ಅಂತ ನಿನ್ನೆ ಬರೆದು ನಿಲ್ಲಿಸಿದ್ದೆನಲ್ಲ, ಅದು ಕೈಯಲ್ಲವಂತೆ, ಕಾಲಂತೆ. ಇರಲಿ, ಕಾಲೇ ಬೀಸಲಿ. ಬೀಸಿದ್ದಂತೂ ಖರೆ. ಗೋಕಾಕದ ಸ್ಕ್ಯಾನಿಂಗ್ ಕೋಣೆಯಲ್ಲಿ ನಾನೂ ಆ ಟಿ.ವಿ.ಗೆ ಎದುರಾಗಿ ಕೈ ಬೀಸಿದೆ. ಸೊಸೆ ರೂಪಾಲಿ ಮಲಗಿದಲ್ಲೇ ಕಿಸಕ್ಕನೆ ನಕ್ಕಳು. ಅವಳು ನಕ್ಕಿದ್ದಕ್ಕೆ ಹೊಟ್ಟೆ ಕುಣಿಯಿತು, ಹೊಟ್ಟೆ ಕುಣಿದದ್ದಕ್ಕೆ ಟಿ.ವಿ.ಯೊಳಗಿನ ಮನುಷ್ಯ ಚಕ್ಕಡಿಯಲ್ಲಿ ಕೂತವನ ಹಾಗೆ ಅಲುಗಾಡಿದ. ಮನುಷ್ಯನೋ, ಮನುಷ್ಯಳೋ. ಅದನ್ನು ಹೇಳುವುದಿಲ್ಲವೆಂದು ಗೋಡೆಗೆ ದೊಡ್ಡ ಬೋರ್ಡನ್ನೇ ಹಾಕಿದ್ದಾರೆ. ನಾನು ಸುಮ್ಮನೆ ಇಂಗ್ಲಿಷಿನಲ್ಲಿ, ಮೇಲ್ ಆರ್ ಅನ್ನುವಷ್ಟರಲ್ಲಿ ಡಾಕ್ಟರ್ ಶುಭಾಂಗಿಯವರು ತಲೆ ಎತ್ತದೆ ಪೆನ್ನಿನಿಂದ ಆ ಬೋರ್ಡು ತೋರಿಸಿದರು.

ಮಾವನಾದವನು ಅಲ್ಲಿಗೆಲ್ಲ ಹೋಗುವುದು ರೀತಿಯಲ್ಲ, ಗೊತ್ತು. ಆದರೆ ಮಗ ಗೊಮ್ಮಟೇಶನಿಗೆ ಅರಭಾವಿ ತೋಟಗಾರಿಕೆ ಕಾಲೇಜಿನ ನರ್ಸರಿಯಲ್ಲಿ ಕೆಲಸ, ನಿನ್ನೆ ರಜೆ ಸಿಗಲಿಲ್ಲ. ಅವನ ತಾಯಿ ಇದ್ದಿದ್ದರೆ ಆಕೆ ಹೋಗುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಈ ಮನೆಯಲ್ಲಿ ಅತ್ತೆಯೂ ನಾನೇ, ಮಾವನೂ ನಾನೇ, ಟು ಇನ್ ಒನ್. ಡಾಕ್ಟರು ಪರದೆ ಎಳೆದು, ನನ್ನನ್ನು ತಲೆಯ ಕಡೆ ನಿಲ್ಲಿಸಿ, ಟಿ.ವಿ. ಬಿಟ್ಟು ಬೇರೆ ಕಡೆ ನೋಡಕೂಡದೆಂದು ತಾಕೀತು ಮಾಡಿದರು. ನೋಡಿದೆ. ಮೂಡಲಗಿಯ ಪೇಟೆಯಲ್ಲಿ ಜವಳಿ ಅಂಗಡಿ ನಡೆಸಿದವನು ನಾನು, ಎಂತೆಂಥ ಮಾಲು ಬಿಚ್ಚಿ ನೋಡಿಲ್ಲ. ಇಂಥದ್ದು ಮಾತ್ರ ನೋಡಿರಲಿಲ್ಲ.

ವಾಪಸು ಬರುವಾಗ ಬಸ್ಸು ಲೋಳಸೂರ ಸೇತುವೆ ದಾಟುವಷ್ಟರಲ್ಲಿ ಸುದ್ದಿಯನ್ನು ಹಿಂದಿನ ಸೀಟಿನವರೆಗೂ ಮುಟ್ಟಿಸಿದ್ದೆ. ಮೇಲವಂಕಿಯ ಒಬ್ಬ ಮುದುಕಿ ಚೀಲದಿಂದ ಪೇರಲಹಣ್ಣು ತೆಗೆದು ರೂಪಾಲಿಯ ಉಡಿಗೆ ಹಾಕಿದಳು. ಕಂಡಕ್ಟರು ಒಳಗಿನವರಿಗೂ ಟಿಕೆಟ್ ಹರಿಯಲೇನು ಎಂದು ಕೇಳಿದ. ಹರಿ, ಹಾಫ್ ಟಿಕೆಟ್ ಅಂದೆ. ಬಸ್ಸಿಗೆ ಬಸ್ಸೇ ನಕ್ಕಿತು. ರೂಪಾಲಿ ಕಿಟಕಿಯಿಂದ ಕಬ್ಬಿನ ಗಾಡಿಗಳನ್ನು ನೋಡುತ್ತ ಕೂತಿದ್ದಳು.

ಇನ್ನೊಂದು ಸಣ್ಣ ವಿಷಯ. ಕೂಸಿನ ಮಿದುಳಿನಲ್ಲಿ ಒಂದು ನೀರಿನ ಗುಳ್ಳೆ ಕಾಣುತ್ತಿದೆಯಂತೆ. ಡಾಕ್ಟರು ಕುರ್ಚಿಯನ್ನು ರೂಪಾಲಿಯ ಹತ್ತಿರ ಎಳೆದುಕೊಂಡು ನಿಧಾನವಾಗಿ ಹೇಳಿದರು. ಇಂಥ ಗುಳ್ಳೆ ಎಷ್ಟೋ ಕೂಸುಗಳಲ್ಲಿ ಬರುತ್ತದೆ, ತಾನಾಗಿ ಕರಗುತ್ತದೆ, ಏನೂ ಆಗುವುದಿಲ್ಲ. ಎಲ್ಲೋ ಅಪರೂಪಕ್ಕೆ ಅದು ದೊಡ್ಡ ಹುಟ್ಟುದೋಷದ ಗುರುತಾಗಿರುತ್ತದೆ. ಖಚಿತ ಆಗಬೇಕೆಂದರೆ ಪುಣೆಗೆ ಹೋಗಿ ಹೊಟ್ಟೆಗೆ ಸೂಜಿ ಹಾಕಿಸಿ, ಒಳಗಿನ ನೀರು ತೆಗೆಸಿ ನೋಡಬೇಕು. ಕೆಲವೊಮ್ಮೆ, ಬಹಳ ಕಡಿಮೆ, ಆ ಸೂಜಿಯಿಂದಲೇ ಬಸಿರು ಇಳಿದುಹೋಗುವುದೂ ಉಂಟು. ಹೋಗುವುದಾದರೆ ಈ ಎಂಟು ದಿನದೊಳಗೆ ಹೋಗಬೇಕು. ತಡವಾದರೆ, ದೋಷ ಇದೆ ಎಂದು ಗೊತ್ತಾದರೂ ಬಸಿರು ತೆಗೆಸಲು ಕಾಯ್ದೆ ಬಿಡುವುದಿಲ್ಲ. ಹೋಗದಿದ್ದರೂ ತಪ್ಪೇನಿಲ್ಲ. ಇಷ್ಟು ಹೇಳಿ ಡಾಕ್ಟರು, "ನಿಮ್ಮ ಮನಸ್ಸಿನ್ಯಾಗ ಏನೈತಿ ಹೇಳ್ರಿ, ರೂಪಾಲಿ" ಅಂದರು.

ಇಲ್ಲಿ ನನ್ನ ಇಂಗ್ಲಿಷ್ ಕೆಲಸಕ್ಕೆ ಬಂತು. ಬಿ.ಎ. ಮೊದಲ ವರ್ಷದವರೆಗೆ ಓದಿದವನು, ಎಲ್ಲ ಮರೆತಿಲ್ಲ. ಆದರೆ ಡಾಕ್ಟರರ ವಿಷಯದಲ್ಲಿ ನೆನಪಿರುವುದು ಗ್ರಾಮರ್ ತಾಸಿನ ಒಂದೇ ವಾಕ್ಯ: ದಿ ಪೇಷಂಟ್ ಹ್ಯಾಡ್ ಡೈಡ್ ಬಿಫೋರ್ ದಿ ಡಾಕ್ಟರ್ ಕೇಮ್. ಅದು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡು, ಯೆಸ್ ಮೇಡಂ, ವಿ ಆರ್ ಆಲ್ ರೆಡಿ ಫಾರ್ ಪುಣೆ ಅಂದೆ. ಡಾಕ್ಟರು ನನ್ನನ್ನು ನೋಡಿದರು, ಆಮೇಲೆ ಮತ್ತೆ ರೂಪಾಲಿಯನ್ನೇ ನೋಡಿದರು. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ನಾನೇ ಡಾಕ್ಟರಿಗೆ ಕೇಳಿದೆ. "ನಾ ಅಲ್ಲಲ್ರಿ ಕಾಕಾ, ಬಸರಾಗಿರಾಕಿ" ಅಂದರು. ನನ್ನ ಇಂಗ್ಲಿಷಿಗೆ ಇಬ್ಬರೂ ಬೆರಗಾದ ಹಾಗಿತ್ತು.

ಹೊತ್ತು ಇಳಿಯುತ್ತಿದೆ. ನಮ್ಮದು ಜೈನರ ಮನೆ, ಕತ್ತಲಾದ ಮೇಲೆ ತುತ್ತು ಎತ್ತುವುದಿಲ್ಲ. ರೂಪಾಲಿ ಊಟಕ್ಕೆ ಕರೆಯುತ್ತಿದ್ದಾಳೆ.

ಶುಕ್ರವಾರ, ೧೪ ನವೆಂಬರ್

ಬಾಡಿಗೆಗೆ ಜೀಪು ಗೊತ್ತುಮಾಡಿದ್ದಾಯಿತು. ರವಿವಾರ ಮನೆಯಲ್ಲಿ ರೂಪಾಲಿಗೆ ಐದು ತಿಂಗಳ ಕುಬಸದ ಸೀಮಂತ, ಸೋಮವಾರ ನಸುಕಿನಲ್ಲಿ ಪುಣೆ. ಕುಬಸಕ್ಕೆಂದು ಹುಕ್ಕೇರಿಯಿಂದ ಅವಳ ತಾಯಿ ರಾಜಮತಿಬಾಯಿ ಹೇಗೂ ಬರುತ್ತಾರೆ, ಅದೇ ಜೀಪಿನಲ್ಲಿ ಅವರೂ ಬರಲಿ. ಬುತ್ತಿಗೆ ಶೇಂಗಾಹೋಳಿಗೆ, ದಪಾಟಿ. ನಾನು ಪುಣೆ ನೋಡಿ ಯಾವ ಕಾಲವಾಯಿತೋ. ಇಸ್ತ್ರಿಗೆ ಧೋತರ ಕೊಟ್ಟು ಬಂದೆ, ಕರಿ ಟೊಪ್ಪಿಗೆ ಝಾಡಿಸಿ ಬಿಸಿಲಿಗಿಟ್ಟೆ. ಅದನ್ನು ಬೆಕ್ಕು ಹೊತ್ತೊಯ್ದು ಅದರೊಳಗೆ ಮಲಗಿತ್ತು. ಆಗಲಿ, ಶುಭ.

ಗೊಮ್ಮಟೇಶ ಮಾತ್ರ ಹುಳಿ ಮಜ್ಜಿಗೆ ಕುಡಿದ ಮುಖ ಮಾಡಿಕೊಂಡು ತಿರುಗುತ್ತಾನೆ. ಹೆದರಬೇಡಪ್ಪಾ, ಪುಣೆಯಲ್ಲಿ ಎಲ್ಲ ಬಿಚ್ಚಿ ತೋರಿಸುತ್ತಾರೆ ಅಂದೆ. ಗೊತ್ತಿದ್ದರೆ ತಯಾರಾದರೂ ಆಗಬಹುದು, ಗೊತ್ತಿಲ್ಲದೆ ಹೇಗೆ ನಿದ್ದೆ ಮಾಡುವುದು ಎಂದು ಅವನ ಅಳಲು. ಸರಿಯಾದ ಮಾತು. ಇಬ್ಬರೂ ಒಪ್ಪಿದೆವು. ರೂಪಾಲಿ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿನಲ್ಲಿ ನಮ್ಮ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ.

ಎದುರು ಮನೆಯ ಉದ್ದವ್ವ ಸಂಜೆ ಕಟ್ಟೆಯ ಮೇಲೆ ಬಂದು ಕೂತಳು. ತೀರಿಹೋದ ನಮ್ಮವಳ ಜೀವದ ಗೆಳತಿ, ಬಾಯಿ ಮಾತ್ರ ಹದ ಹಾಕಿದ ಕುಡುಗೋಲು. ಪುಣೆಯ ಕಥೆಯನ್ನೆಲ್ಲ ಕೇಳಿ ಮುಗಿಸಿ ಒಂದು ಪ್ರಶ್ನೆ ಹಾಕಿದಳು.

"ನೇಮಣ್ಣಾರ, ಸೂಜಿ ಯಾರ ಹೊಟ್ಟಿಗಿ ಹಾಕ್ತಾರ್ರಿ?"

"ರೂಪಾಲಿ ಹೊಟ್ಟಿಗಿ."

"ಹಂಗಾದ್ರ ನಿಮ್ಮ ಮಾರಿ ಯಾಕ ಇಷ್ಟ ಅರಳೇತಿ?"

ಆಮೇಲೆ ನನ್ನ ಅಂಗಡಿಗೇ ಕೈ ಹಾಕಿದಳು. ಸೀರೆ ಉಡುವವಳು ಒಬ್ಬಳು, ನಾನು ಬಿಚ್ಚಿ ತೋರಿಸುತ್ತಿದ್ದದ್ದು ಅವಳ ಗಂಡನಿಗಂತೆ. ಅಂಗಡಿ ಮುಚ್ಚಿದರೂ ಚಟ ಬಿಟ್ಟಿಲ್ಲವಂತೆ. ಧಂದೆಯ ರೀತಿ ಉದ್ದವ್ವನಿಗೆ ಏನು ಗೊತ್ತು. ಗಂಡನಿಗೆ ತೋರಿಸಿದರೇ ಸೀರೆ ಹೋಗುತ್ತಿತ್ತು.

ಶನಿವಾರ, ೧೫ ನವೆಂಬರ್

ಹಸಿರು ಬಳೆ, ಹಸಿರು ಸೀರೆ, ಹಸಿರು ಖಣದ ಕುಬಸ. ಬಳೆಗಾರ ಅಳತೆ ಕೇಳಿದ. ನಾನು ನನ್ನ ಮುಂಗೈ ತೋರಿಸಿ ಇದಕ್ಕಿಂತ ಚಿಕ್ಕದು ಅಂದೆ. ಪೇಟೆಯವರೆಲ್ಲ ನಕ್ಕರು, ನಾನೂ ನಕ್ಕೆ. ರೂಪಾಲಿ ಮಂಕಾಗಿದ್ದಾಳೆ. ನಿದ್ದೆ ಸಾಲದಿರಬೇಕು. ಪುಣೆಗೆ ಹೋಗಿ ಬಂದರೆ ಸರಿಹೋದೀತು.

ರವಿವಾರ, ೧೬ ನವೆಂಬರ್

ಬೇಗ ಬರೆಯಬೇಕು, ಬಹಳ ಇದೆ.

ರಾಜಮತಿಬಾಯಿ ಒಬ್ಬರೇ ಬರಲಿಲ್ಲ, ಹುಕ್ಕೇರಿಯ ಅರ್ಧ ಓಣಿಯನ್ನು ಟೆಂಪೊದಲ್ಲಿ ಹಾಕಿಕೊಂಡು ಬಂದರು. ಬಯಕೆಯ ಊಟ ಬುಟ್ಟಿ ಬುಟ್ಟಿ ಇಳಿಯಿತು. ನಮ್ಮ ನಡುಮನೆ ಹಸಿರಾಯಿತು, ಗದ್ದಲವಾಯಿತು, ಯಾರದೋ ಕೂಸು ನನ್ನ ಕನ್ನಡಕ ಚೀಪಿತು. ಗಂಡಸರು ಹೊರಗೆ ಅಂದರು. ಗೊಮ್ಮಟೇಶ ಹೊಸ್ತಿಲಲ್ಲಿ ನಿಂತ. ನಾನು ಹೊರಗೇ ಇದ್ದೆ, ತಲೆ ಮಾತ್ರ ಒಳಗಿತ್ತು.

ಉಡಿ ತುಂಬಿದ ಮೇಲೆ ಬಟ್ಟಲಿನ ಆಟ. ಇದು ಮರಾಠಿ ಮಂದಿಯಿಂದ ನಮ್ಮ ಮನೆಗಳಿಗೆ ಬಂದದ್ದು. ಎರಡು ಬೆಳ್ಳಿ ಬಟ್ಟಲು, ಒಂದರಲ್ಲಿ ಪೇಡೆ, ಒಂದರಲ್ಲಿ ಬರ್ಫಿ, ಮೇಲೆ ಮುಚ್ಚಳ. ಯಾವುದರಲ್ಲಿ ಯಾವುದಿದೆ ಎಂದು ತುಂಬಿಟ್ಟ ರಾಜಮತಿಬಾಯಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಬಸುರಿ ಒಂದರ ಮುಚ್ಚಳ ತೆಗೆಯಬೇಕು. ಪೇಡೆ ಬಂದರೆ ಗಂಡು, ಬರ್ಫಿ ಬಂದರೆ ಹೆಣ್ಣು. ಮಷೀನಿಗೆ ಕಾಯ್ದೆ ಬಂದಿದೆ, ಬಟ್ಟಲಿಗೆ ಇನ್ನೂ ಬಂದಿಲ್ಲ. ನಾನು ಕತ್ತನ್ನು ಇನ್ನಷ್ಟು ಒಳಗೆ ಚಾಚಿದೆ.

ರೂಪಾಲಿಯ ಕೈ ಎಡಗಡೆಯ ಬಟ್ಟಲಿಗೆ ಹೋಯಿತು. ಮುಚ್ಚಳ ಹಿಡಿಯಿತು. ಅಲ್ಲೇ ನಿಂತಿತು. ಎಲ್ಲರೂ ತೆಗಿ ತೆಗಿ ಅಂದರು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಉಡಿಯಲ್ಲಿಟ್ಟುಕೊಂಡಳು. ಮೊದಲು ನಗೆಯಾಡಿದರು, ನಾಚಿಕೆ ಅಂದರು. ಆಮೇಲೆ ತಾಯಿ ಗದರಿಸಿದರು. ಕೈ ಏಳಲಿಲ್ಲ. ಹೀಗೆ ಮುಚ್ಚಿದ ಬಟ್ಟಲು ಮುಚ್ಚಿದ್ದೇ ಉಳಿದದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ.

ಆಗ ಉದ್ದವ್ವ ದಾರಿ ತೆಗೆದಳು. ಮೊದಲು ಬಯಕೆ ಕೇಳಿರಿ, ಬಟ್ಟಲು ಆಮೇಲೆ ಅಂದಳು. ಕುಬಸದ ದಿನ ಅತ್ತೆಯಾದವಳು ಸೊಸೆಯ ಎದುರು ಕೂತು ನಿನಗೆ ಏನು ಬೇಕು ಎಂದು ಕೇಳಲೇಬೇಕು. ಅವಳು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಅನ್ನುವ ಹಾಗಿಲ್ಲ, ಅಂದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ. ಎಲ್ಲ ಸರಿ, ಅತ್ತೆ ಎಲ್ಲಿದ್ದಾಳೆ? ಉದ್ದವ್ವ ಹೊಸ್ತಿಲ ಕಡೆ ತಿರುಗಿ, "ಟು ಇನ್ ಒನ್ ಅಂತ ಊರೆಲ್ಲಾ ಹೇಳ್ಕೋತ ತಿರಗ್ತೀರಲ್ಲ, ಬರ್ರಿ, ನೀವಽ ಕೇಳ್ರಿ" ಅಂದಳು.

ಹೆಣ್ಣುಮಕ್ಕಳು ನಗುತ್ತ ದಾರಿ ಬಿಟ್ಟರು. ನಾನು ಮಣೆಯ ಮೇಲೆ ಕೂತೆ, ಟೊಪ್ಪಿಗೆ ಸರಿಮಾಡಿಕೊಂಡೆ. ಕರದಂಟು ಅನ್ನುತ್ತಾಳೆ ಎಂದು ನನ್ನ ಲೆಕ್ಕ. ಮೊದಲೇ ಗೋಕಾಕದಿಂದ ತರಿಸಿ ಕಪಾಟಿನಲ್ಲಿಟ್ಟಿದ್ದೆ.

"ನಿನಗ ಏನ ಬೇಕವಾ?" ಅಂದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಈ ಹುಡುಗಿಯ ಕಣ್ಣು ಇಷ್ಟು ದೊಡ್ಡವಿವೆ ಎಂದು ನನಗೆ ಗೊತ್ತಿರಲಿಲ್ಲ.

"ಮಾವಾರ, ಈ ಮುಚ್ಚಳಾ ತಗಿಯೂದ ಬ್ಯಾಡ್ರಿ. ಪುಣೆನೂ ಬ್ಯಾಡ್ರಿ."

ರಾಜಮತಿಬಾಯಿ ಏನೋ ಅನ್ನಲು ಹೋದರು. ಉದ್ದವ್ವ ಅವರ ತೊಡೆ ಹಿಡಿದಳು. ಗೊಮ್ಮಟೇಶ ಹೊಸ್ತಿಲಿನಿಂದಲೇ, ಗೊತ್ತಾದರೆ ಒಳ್ಳೆಯದಲ್ಲವೇನು ಅಂದ. ಎಲ್ಲರೆದುರು ಗಂಡನ ಮಾತಿಗೆ ಉತ್ತರ ಕೊಡುವವಳಲ್ಲ ಅವಳು, ಇವತ್ತು ಕೊಟ್ಟಳು.

"ಗೊತ್ತಾದ್ರ ಏನ ಮಾಡೂಣ್ರಿ? ಏನೂ ಇಲ್ಲಂದ್ರೂ ನಾ ಹಡಿಯಾಕಿ, ಐತಿ ಅಂದ್ರೂ ನಾ ಹಡಿಯಾಕಿ. ನಡಕ ಆ ಸೂಜಿದೇನ ಕೆಲಸ? ಬ್ಯಾರೇದಾಕಿ ಹೋಗ್ತಿದ್ಲೇನೊ, ಆಕಿದೂ ತಪ್ಪಲ್ಲ. ನಾ ಒಲ್ಲೆ."

"ನನಗ ಹೆದರಿಕಿ ಆಗತೈತಿ, ರೂಪಾ" ಅಂದ ಮಗ. ಅಷ್ಟು ಮಂದಿ ಇದ್ದದ್ದನ್ನು ಮರೆತೇ ಅಂದ.

"ನನಗೂ ಆಗತೈತಿ. ಇಬ್ಬರೂ ಕೂಡೇ ಹೆದರೂಣಂತ."

ಹಿಂದೆ ಯಾರೋ ಕಿಸಕ್ ಅಂದರು, ಅಲ್ಲಿಂದ ಹತ್ತಿಕೊಂಡು ನಡುಮನೆಯೇ ನಕ್ಕಿತು. ರಾಜಮತಿಬಾಯಿ ಅಳುತ್ತ ನಕ್ಕರು. ನನಗೆ ಇಂಗ್ಲಿಷಿನಲ್ಲಿ ಏನಾದರೂ ತೂಕದ ಮಾತು ಹೇಳಬೇಕೆನಿಸಿತು, ಒಂದೂ ಬರಲಿಲ್ಲ. ಆತವಾ ಅಂದೆ. ಬೇಡಿದ್ದನ್ನು ಕೊಡದಿದ್ದರೆ ಕಿವಿ ಸೋರುತ್ತದಲ್ಲ, ಕೂಸಿನ ಕಿವಿಯ ಪ್ರಶ್ನೆ.

ಕರದಂಟನ್ನು ಟೆಂಪೊದ ಡ್ರೈವರ್ ಸಮೇತ ಎಲ್ಲರೂ ತಿಂದರು. ಬೆಳಕು ಸಾಲದು, ನಿಲ್ಲಿಸುತ್ತೇನೆ.

ಸೋಮವಾರ, ೧೭ ನವೆಂಬರ್

ಜೀಪು ಬೇಡವೆಂದು ನಾನೇ ನಸುಕಿನಲ್ಲಿ ಹೋಗಿ ಹೇಳಿಬಂದೆ. ಯಾಕೆ ಅಂದ ಜೀಪಿನವ. ಅವಳು ಒಲ್ಲೆ ಅಂದಳು ಅಂದೆ. ಅಷ್ಟೇ? ಅಂದ. ಅಷ್ಟೇ ಅಂದೆ. ಬುತ್ತಿಯ ಶೇಂಗಾಹೋಳಿಗೆಯನ್ನು ಹಿತ್ತಲಲ್ಲಿ ಕೂತು ತಿಂದೆವು. ಪುಣೆ ಬಹಳ ರುಚಿಯಾಗಿತ್ತು.

ಗುರುವಾರ, ೨೦ ನವೆಂಬರ್

ಈ ಇರುವೆಗಳಿಗೆ ಏನು ಹೇಳಲಿ.

ಆ ಎರಡು ಬಟ್ಟಲು ನಡುಮನೆಯ ಮಾಡದಲ್ಲಿ ಹಾಗೆಯೇ ಕೂತಿವೆ. ರಾಜಮತಿಬಾಯಿ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಹುಕ್ಕೇರಿಗೆ ಹೋದರು. ರೂಪಾಲಿ ಅತ್ತ ತಿರುಗಿ ನೋಡುವುದಿಲ್ಲ. ನಾನು ದಿನವೆಲ್ಲ ನೋಡುತ್ತೇನೆ. ಅವಳ ಕೈ ಮೊದಲು ಹೋದದ್ದು ಎಡಗಡೆಯದಕ್ಕೆ, ಅದನ್ನು ಮರೆಯಲು ಆಗಬೇಕಲ್ಲ. ಒಂದು ಸಲ ಮುಚ್ಚಳ ಸರಿಸಿದರೆ ಮುಗಿಯಿತು, ಯಾರು ನೋಡುತ್ತಾರೆ. ಮಧ್ಯಾಹ್ನ ರೂಪಾಲಿ ಮಲಗಿದಾಗ ಎದ್ದೂ ಹೋದೆ. ಹೋಗಿ ನೋಡಿದರೆ ಇರುವೆಗಳು ಸಾಲು ಹಿಡಿದು ನೆಟ್ಟಗೆ ಎಡಗಡೆಯ ಬಟ್ಟಲಿಗೇ ಏರುತ್ತಿವೆ. ಅವಕ್ಕೆ ಎಲ್ಲ ಗೊತ್ತು, ನನಗೆ ಮಾತ್ರ ಇಲ್ಲ. ನಮ್ಮ ಮನೆಯಲ್ಲಿ ಇರುವೆ ಕೊಲ್ಲುವ ಹಾಗಿಲ್ಲ. ಊದಿದೆ, ಹೋಗಲಿಲ್ಲ. ಅವನ್ನು ಓಡಿಸಬೇಕಾದರೆ ಮುಚ್ಚಳ ತೆಗೆಯಬೇಕು. ಮುಚ್ಚಳಕ್ಕೆ ಕೈ ಹಚ್ಚಿದೆ. ಅವಳೂ ಹೀಗೇ ಕೈ ಹಚ್ಚಿದ್ದಳು.

ಹೊರಗೆ ಹೋಗಿ ಉದ್ದವ್ವನನ್ನು ಕರೆದೆ. ಎರಡೂ ಬಟ್ಟಲು ಒಯ್ದು, ಇರುವೆಗಳನ್ನು ಜೀವಸಹಿತ ಬಿಟ್ಟು, ಉಳಿದದ್ದನ್ನು ತಿಂದು, ತೊಳೆದು ತಂದುಕೊಡು, ಬಾಯಿ ಮಾತ್ರ ಬಿಡಬೇಡ ಅಂದೆ. ತಾಸು ಬಿಟ್ಟು ಬಂದಳು, ಮುಖ ತುಂಬ ಸುದ್ದಿ. ಹೇಳಲೇ ಅಂದಳು, ಬೇಡ ಅಂದೆ. ಹೊಟ್ಟೆ ಉಬ್ಬುತ್ತಿದೆ ಅಂದಳು, ಓಂಕಾಳು ತಿನ್ನು ಅಂದೆ. ಎಡಗಡೆಯದರಲ್ಲಿ ಎಂದು ಶುರು ಮಾಡಿದ್ದೇ ತಡ, ನಾನು ಎರಡೂ ಕಿವಿಗೆ ಬೆರಳಿಟ್ಟು ಸಾಲೆಯ ಮಗ್ಗಿ ಹೇಳತೊಡಗಿದೆ. ರೂಪಾಲಿ ಎದ್ದು ಬಂದು ಮಾವನಿಗೆ ಏನಾಯಿತೆಂದು ಗಾಬರಿಯಾದಳು.

"ಆಕಿ ಕೇಳಿದ್ರ ಆಕಿಗಿ ಹೇಳು, ನನಗ ಅಲ್ಲ" ಅಂದೆ ಉದ್ದವ್ವನಿಗೆ.

ಉದ್ದವ್ವ ನನ್ನನ್ನು ಬಹಳ ಹೊತ್ತು ನೋಡಿ, ಜ್ವರಗಿರ ಬಂದಿದೆಯೇ ಎಂದು ಕೇಳಿದಳು.

ಗೊಮ್ಮಟೇಶ ನರ್ಸರಿಯಿಂದ ಒಂದು ಸೊಟ್ಟ ಲಿಂಬೆ ಸಸಿ ತಂದಿದ್ದಾನೆ. ಅಂಥವನ್ನು ಅಲ್ಲಿ ಕಿತ್ತು ಎಸೆಯುತ್ತಾರಂತೆ. ಹಣ್ಣು ಬಿಡುತ್ತದೋ ಇಲ್ಲವೋ ಅಂದೆ. ಗೊತ್ತಿಲ್ಲ ಅಂದ, ನೆಟ್ಟ.

ಶುಕ್ರವಾರ, ೧೬ ಜನವರಿ ೨೦೦೪

ಇಷ್ಟು ದಿನ ಬರೆಯಲಿಲ್ಲ. ತೊಟ್ಟಿಲಿಗೆ ಬಣ್ಣ ಹಚ್ಚುವುದರಲ್ಲಿದ್ದೆ. ಅರ್ಧ ಬಣ್ಣ ನನ್ನ ಧೋತರಕ್ಕೇ ಹತ್ತಿತು.

ಇವತ್ತು ಮತ್ತೆ ಗೋಕಾಕ. ಈ ಸಲ ಗೊಮ್ಮಟೇಶ ರಜೆ ಹಾಕಿ ಬಂದ. ಡಾಕ್ಟರ್ ಶುಭಾಂಗಿಯವರು ಕೂಸು ಬೆಳೆದದ್ದನ್ನು ಅಳೆಯುವ ಮೊದಲು ಕುರ್ಚಿ ಎಳೆದುಕೊಂಡು ರೂಪಾಲಿಯ ಎದುರು ಕೂತರು. ಇದು ಬರೀ ನೋಡುವುದು, ಸೂಜಿಗೀಜಿ ಇಲ್ಲ, ಆ ಗುಳ್ಳೆ ಏನಾಯಿತೆಂದು ನೋಡಿ ಹೇಳಲೋ, ನೋಡಿಯೂ ಹೇಳದೆ ಇರಲೋ ಎಂದು ಕೇಳಿದರು.

ಉತ್ತರ ನನಗೆ ಗೊತ್ತಿತ್ತು. ಮುಚ್ಚಳ ತೆಗೆಯುವುದು ಬೇಡ ಅಂದವಳಲ್ಲವೇ. ಇಂಗ್ಲಿಷ್ ವಾಕ್ಯ ತಯಾರಾಗಿತ್ತು, ನೋ ಮೇಡಂ, ಶಿ ಡಸ್ ನಾಟ್ ವಾಂಟ್. ನೋ ಅನ್ನುವವರೆಗೆ ಹೊರಗೂ ಬಂತು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಬಾಯಿ ಮುಚ್ಚಿದೆ. ಹಲ್ಲು ನಾಲಿಗೆಗೆ ಹತ್ತಿತು, ಇನ್ನೂ ಉರಿಯುತ್ತಿದೆ.

"ನೋಡಿ ಹೇಳ್ರಿ, ಬಾಯಾರ" ಅಂದಳು ರೂಪಾಲಿ. "ಈ ಸಲ ನಾನೂ ನೋಡ್ತೇನಿ."

ನೋಡಿ, ಈ ಹುಡುಗಿಯನ್ನು. ನಾನು ಪರದೆ ಸರಿಸಿ ಹೊರಗೆ ಬಂದೆ. ಯಾರೂ ಹೋಗೆನ್ನಲಿಲ್ಲ, ಗಂಡ ಇದ್ದಾನಲ್ಲ, ನನ್ನದೇನು. ಬೆಂಚಿನ ಮೇಲೆ ಬಸುರಿ ಹೆಣ್ಣುಮಕ್ಕಳ ಸಾಲಿನಲ್ಲಿ ನಾನೊಬ್ಬ ಟೊಪ್ಪಿಗೆಯವ. ಹೊತ್ತು ಹೋಗದೆ ಆ ಗ್ರಾಮರ್ ವಾಕ್ಯವನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ದಿ ಪೇಷಂಟ್ ಹ್ಯಾಡ್ ಡಿಸೈಡೆಡ್ ಬಿಫೋರ್ ದಿ ಗ್ರ್ಯಾಂಡ್‌ಫಾದರ್ ಕೇಮ್. ಟೆನ್ಸ್ ಸರಿಯಾಗಿಯೇ ಕೂತಿದೆ. ಕಾಲೇಜಿನ ಮಾಸ್ತರರು ಇದ್ದಿದ್ದರೆ ಭೇಷ್ ಅನ್ನುತ್ತಿದ್ದರು.

ಇಬ್ಬರೂ ಹೊರಗೆ ಬಂದರು. ಗೊಮ್ಮಟೇಶನ ಕಣ್ಣು ಕೆಂಪಾಗಿದ್ದವು, ಆದರೆ ಅವನನ್ನು ನಂಬುವ ಹಾಗಿಲ್ಲ, ಅವನು ಮದುವೆಯ ಅಕ್ಷತೆಗೂ ಅಳುವವನು. ರೂಪಾಲಿ ನನ್ನೆದುರು ನಿಂತು ಕರದಂಟು ಬೇಕು ಅಂದಳು. ಆಗ ಬೇಡವಾದದ್ದು ಈಗ ಬೇಕಂತೆ. ಮೂವರೂ ಪೇಟೆಗೆ ನಡೆದು ಹೋದೆವು. ಅಂಗಡಿಯವನು ಎರಡು ನಮೂನೆ ತೆಗೆದು ನನ್ನ ಎದುರು ಹಿಡಿದ. ಅವಳಿಗೆ ತೋರಿಸಪ್ಪಾ, ತಿನ್ನುವವಳು ಅವಳು ಅಂದೆ.

ಬಸ್ಸಿನಲ್ಲಿ ಕರದಂಟಿನ ತುಂಡು ಕೈಯಲ್ಲೇ ಇರುವಾಗ ನಿದ್ದೆ ಹೋದಳು, ತಲೆ ಗಂಡನ ಭುಜದ ಮೇಲೆ. ಸೇತುವೆಯ ಹತ್ತಿರ ಅದೇ ಕಂಡಕ್ಟರು ಗುರುತು ಹಿಡಿದ.

"ಏನ್ರಿ ಕಾಕಾ, ಹಾಫ್ ಟಿಕೆಟ್ ಹ್ಯಾಂಗೈತಿ?"

"ಆಕಿನ್ನ ಕೇಳಪಾ" ಅಂದೆ. "ಈಗ ಮಲಗ್ಯಾಳ. ಎಬ್ಬಸಬ್ಯಾಡ."

ಈಗ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಹಿತ್ತಲಿನಿಂದ ಇಬ್ಬರ ದನಿ ಕೇಳುತ್ತಿದೆ, ಲಿಂಬೆಗೆ ನೀರು ಹಾಕುತ್ತಿದ್ದಾರೆ. ಸಸಿ ಸೊಟ್ಟಕ್ಕೇ ಚಿಗುರಿದೆ. ಅವನು ಏನೋ ಅಂದ, ಅವಳು ಕಿಸಕ್ಕನೆ ನಕ್ಕಳು, ಆವತ್ತು ಮಲಗಿದಲ್ಲೇ ನಕ್ಕ ಹಾಗೆಯೇ. ಒಳಗಿನದೂ ಅಲುಗಾಡಿರಬೇಕು. ಎದ್ದು ಹೋಗಿ ಏನಾಯಿತೆಂದು ಒಂದು ಮಾತು ಕೇಳಿದರೆ ಹೇಳಿಯಾರು. ಉದ್ದವ್ವ ಆಗಲೇ ಎರಡು ಸಲ ಬಾಗಿಲಿಗೆ ಬಂದು ಕೇಳಿ ಹೋದಳು. ನನಗೆ ಗೊತ್ತಿಲ್ಲ ಅಂದರೆ ನಂಬುವುದಿಲ್ಲ, ಮೂಡಲಗಿಯಲ್ಲಿ ನೇಮಣ್ಣನಿಗೆ ಗೊತ್ತಿಲ್ಲದ್ದು ಯಾವುದಿದೆ ಅನ್ನುತ್ತಾಳೆ. ಒಂದಿದೆ ಅಂದೆ. ಹೇಳುವುದಿದ್ದರೆ ಹೇಳುತ್ತಾಳೆ. ಊಟದ ಹೊತ್ತಿಗೆ ಹೇಳಬಹುದು, ತೊಟ್ಟಿಲಿಗೆ ಹಾಕುವ ಹೊತ್ತಿಗೆ ಹೇಳಬಹುದು. ಅಷ್ಟರಲ್ಲಿ ತೊಟ್ಟಿಲಿನ ಇನ್ನೊಂದು ಕಾಲಿಗೆ ಬಣ್ಣ ಹಚ್ಚುವುದು ಉಳಿದಿದೆ, ಅದಕ್ಕೆ ಹಳದಿಯೋ ಹಸಿರೋ ಎಂದು ಅವಳನ್ನೇ ಕೇಳಬೇಕು.

ಕರೆಯುತ್ತಿದ್ದಾಳೆ. ಮಾವಾರ, ಹೊತ್ತು ಮುಳುಗುತ್ತದೆ, ಊಟಾ ಮಾಡತೀರೋ ಒಲ್ಲಿರೋ ಎಂದು. ಅಕ್ಷರ ಕಾಣುವುದಿಲ್ಲ, ಬೆಳಕು ಹೋಗುತ್ತಿದೆ.